ಬೇಲಿಯ ಬಳಿ ನಿಂತವರು

ಹೆಬ್ಬಾಳ, ಬೆಂಗಳೂರು
24-1-1961

ತಂದೆಯವರಿಗೆ ನಂಜುಂಡನ ನಮಸ್ಕಾರ.

ನೀವಿಬ್ಬರೂ ಸುಖವಾಗಿ ಹಾರನಹಳ್ಳಿ ಸೇರಿದ್ದೀರೆಂದು ನಂಬಿದ್ದೇನೆ. ನಾನು ಸುಖವಾಗಿದ್ದೇನೆಂದು ಬರೆದರೆ ಸುಳ್ಳಾಗುತ್ತದೆ. ಭಾನುವಾರ ಕುದುರೆ ಸ್ಪರ್ಧೆಯಲ್ಲಿ ಆದದ್ದರ ಮೇಲೆ ಕಾಲೇಜಿನಲ್ಲಿ ಯಾರ ಮುಖವನ್ನೂ ನೋಡಲು ಆಗುತ್ತಿಲ್ಲ.

ಬರಬೇಡಿ ಎಂದು ನಾನು ಹೇಳಿರಲಿಲ್ಲ, ಒಪ್ಪಿದೆ. ಮಗ ಕುದುರೆ ಏರುವುದನ್ನು ನೋಡುವ ಆಸೆ ಯಾವ ತಂದೆತಾಯಿಗೂ ಇರುತ್ತದೆ. ನಮ್ಮ ಸವಾರಿ ಕ್ಲಬ್ಬಿನ ಕರ್ನಲ್ ಸಾಹೇಬರೂ ಅವರ ಹೆಂಡತಿಯೂ ತಮ್ಮ ಮಗಳ ಸವಾರಿ ನೋಡಲು ಬಂದಿದ್ದರು. ಕುರ್ಚಿಯಲ್ಲಿ ಕೂತಿದ್ದರು. ಮಗಳು ಕುದುರೆಯ ಮೇಲೆ ಅಡ್ಡಕಂಬ ಹಾರಿದಾಗ ಮೂರು ಬೆರಳಿನಿಂದ ಅಂಗೈ ತಟ್ಟಿದರು. ಬೆಂಬಲವೆಂದರೆ ಅದು. ನೀವು ಮಾಡಿದ್ದೇನು?

ಅಮ್ಮ ಬೇಲಿಯ ಕೆಳಗೆ ನುಸುಳಿ ಮೈದಾನದೊಳಕ್ಕೆ ಬಂದರು. ಕುದುರೆಯ ಹಣೆಗೆ ಕುಂಕುಮ ಹಚ್ಚಿದರು. ಉಪ್ಪು ಮೆಣಸಿನಕಾಯಿ ನಿವಾಳಿಸಿ ಟೀ ಮಾರುವವನ ಒಲೆಗೆ ಹಾಕಿದರು. ಮುಂದಿನ ಸಾಲಿನಲ್ಲಿದ್ದ ದೊಡ್ಡ ಮನುಷ್ಯರೆಲ್ಲ ಕರವಸ್ತ್ರ ಮೂಗಿಗೆ ಹಿಡಿದು ಕೆಮ್ಮಿದರು. ಆಮೇಲೆ ನಾನು ಮೂರನೆಯ ಕಂಬಕ್ಕೆ ಹೊರಟಿದ್ದಾಗ, ಇಡೀ ಮೈದಾನ ಉಸಿರು ಬಿಗಿಹಿಡಿದಿದ್ದಾಗ, "ಕೆಂಚೀ, ಉಸಾರು ಕಣವ್ವಾ!" ಎಂದು ಕೂಗಿದರು. ಕುದುರೆ ಕತ್ತು ತಿರುಗಿಸಿತು. ಕಂಬ ಬಿತ್ತು. ಕಾರ್ಯಕ್ರಮದ ಹಾಳೆಯಲ್ಲಿ ಅದರ ಹೆಸರು ಡಚೆಸ್ ಎಂದು ಅಚ್ಚಾಗಿದೆ. ನೀವು ಬೇಲೂರಿನ ಕಾಫಿ ತೋಟದವರಿಂದ ಅದನ್ನು ಕೊಂಡು ನಾಲ್ಕು ತಿಂಗಳು ಊರಿನಲ್ಲಿ ಇಟ್ಟುಕೊಂಡಿದ್ದೇ ತಪ್ಪಾಯಿತು. ಅಮ್ಮ ಅದನ್ನು ಎಮ್ಮೆಯ ಹಾಗೆ ಸಾಕಿಬಿಟ್ಟರು.

ನೀವಾದರೂ ತಡೆಯಬಹುದಿತ್ತು. ನೀವು ಪಂಚೆಯ ಮೇಲೆ ಖಾಕಿ ಕೋಟು ಹಾಕಿಕೊಂಡು ನೇರ ತೀರ್ಪುಗಾರರ ಮೇಜಿಗೆ ಹೋಗಿ, "ಅದು ಗಾಳಿಗೆ ಬಿದ್ದದ್ದು ಸ್ವಾಮಿ, ಕುದುರೆ ತಾಕ್ಲೇ ಇಲ್ಲ" ಎಂದಿರಿ. ಅವರು ನಕ್ಕರು. ನಿಮ್ಮೊಡನೆ ನಕ್ಕರೆಂದು ನೀವು ತಿಳಿದು ನೀವೂ ನಕ್ಕಿರಿ.

ಮುಂದಿನ ಸ್ಪರ್ಧೆ ಏಪ್ರಿಲ್‌ನಲ್ಲಿ. ನೀವು ಅಷ್ಟು ದೂರದಿಂದ ಬರುವ ಶ್ರಮ ತೆಗೆದುಕೊಳ್ಳಬೇಡಿ.

ಎಚ್. ಜೆ. ನಂಜುಂಡಯ್ಯ

*

ಹಾರನಹಳ್ಳಿ
3-2-1961

ಮಗ ನಂಜುಂಡನಿಗೆ ಅಪ್ಪ ಜವರಯ್ಯ ಮಾಡುವ ಆಶೀರ್ವಾದ.

ನಿನ್ನ ಕಾಗದ ಬಂತು. ನಿಮ್ಮವ್ವನಿಗೆ ಓದಿ ಹೇಳಿದೆ, ಅಲ್ಲಲ್ಲಿ ಒಂದೊಂದು ಸಾಲು ಬಿಟ್ಟು.

ನಾವು ಮಾಡಿದ್ದು ತಪ್ಪೇ. ಅಲ್ಲಿನ ರೀತಿ ನಮಗೆ ಗೊತ್ತಿರಲಿಲ್ಲ. ಮೆಣಸಿನಕಾಯಿಯ ಮಾತು ಓದಿದಾಗ ಮಾತ್ರ ನಿಮ್ಮವ್ವ ಸುಮ್ಮನಿರಲಿಲ್ಲ. "ದೃಷ್ಟಿ ಆಗಿದ್ರೆ ಘಾಟೇ ಬತ್ತಿರ್ಲಿಲ್ಲ. ಎಲ್ಲಾರೂ ಕೆಮ್ಮಿದ್ರು ತಾನೇ? ಅಂಗಾದ್ರೆ ಹುಡುಗನಿಗೆ ಏನೂ ಆಗಿಲ್ಲ ಬುಡಿ" ಎಂದು ಸಮಾಧಾನ ಮಾಡಿಕೊಂಡಳು. ಹೆಸರು ಹಿಡಿದು ಕೂಗಿದ್ದಕ್ಕೆ ಮಾತ್ರ ಅವಳಿಗೆ ಬಹಳ ಸಂಕಟವಾಗಿದೆ. ನನ್ನಿಂದ ಕಂಬ ಬಿತ್ತಲ್ಲ ಎಂದು ಆ ದಿನ ಊಟ ಬಿಟ್ಟಳು.

ಊರಿನಲ್ಲೂ ನಿನ್ನದೇ ಮಾತು. ಮೊನ್ನೆ ಅರಸೀಕೆರೆ ಕೊಬ್ಬರಿ ಮಂಡಿಯಲ್ಲಿ ನಮ್ಮ ಪಕ್ಕದ ಮನೆ ಚನ್ನಪ್ಪ ಹತ್ತು ಜನರ ಎದುರಿಗೆ ಕೇಳಿದ: "ಏನ್ಲಾ ಜವರಯ್ಯ, ಮಗನ್ನ ದನದ ಡಾಕ್ಟ್ರು ಮಾಡ್ತೀನಿ ಅಂತ ಕಳ್ಸಿ ಸರ್ಕಸ್ಸಿಗೆ ಸೇರ್ಸಿದ್ದೀಯಂತೆ?" ನಾನು ಬಿಡಲಿಲ್ಲ. "ನಿನ್ ಮಗ ನಿಂತಿರೋ ಗಾಡಿಯಿಂದ್ಲೇ ಬಿದ್ದವ್ನೆ. ನನ್ ಮಗ ಓಡೋ ಕುದ್ರೆ ಮ್ಯಾಲೆ ಕೂತು ಎದೆಮಟ್ಟ ಹಾರ್ತಾನೆ" ಎಂದೆ. ಎಲ್ಲರೂ ನಕ್ಕರು. ಈ ಸಲ ಯಾರನ್ನು ನೋಡಿ ನಕ್ಕರೆಂದು ನನಗೆ ಚೆನ್ನಾಗಿ ಗೊತ್ತು.

ಪಕ್ಕದಲ್ಲಿ ಬಳಸಿಕೊಂಡು ಹೋಗಲು ಜಾಗ ಇರುವಾಗ ಕಂಬವನ್ನು ಯಾಕೆ ಹಾರಬೇಕೆಂದು ನನಗೆ ಇಂದಿಗೂ ತಿಳಿದಿಲ್ಲ. ಆದರೆ ಹಾರುವಾಗ ನಿನ್ನ ಮುಖ ನೋಡಿದೆ. ಚಿಕ್ಕವನಾಗಿದ್ದಾಗ ಹೊಸ ಬಟ್ಟೆ ಹಾಕಿದರೆ ಹಾಗೆ ಇರುತ್ತಿತ್ತು. ನನಗೆ ಅಷ್ಟು ಸಾಕು.

ಕುದುರೆಗೆ ಒಂದು ಮೂಟೆ ಹುರುಳಿ ರೈಲಿಗೆ ಹಾಕಿಸಿದ್ದೇನೆ. ನಿಮ್ಮವ್ವ ತಾನೇ ಕೇರಿ ಕಲ್ಲು ಆರಿಸಿದ್ದಾಳೆ.

ನಿನ್ನ ಅಪ್ಪ,
ಜವರಯ್ಯ

*

ಹೆಬ್ಬಾಳ
6-3-1961

ತಂದೆಯವರಿಗೆ ನಮಸ್ಕಾರ.

ಹುರುಳಿ ಬಂತು. ಲಾಯದ ಬಾಗಿಲಿಗೆ ಬಂದಿದ್ದರೆ ಸಂತೋಷಪಡುತ್ತಿದ್ದೆ. ಜಟಕಾದವನು ಅದನ್ನು ಕ್ಲಬ್ಬಿನ ಮುಂಬಾಗಿಲಿಗೆ ತಂದು, ಎಲ್ಲರೂ ಹುಲ್ಲಿನ ಮೇಲೆ ಕೂತು ಚಹ ಕುಡಿಯುತ್ತಿದ್ದ ಹೊತ್ತಿನಲ್ಲಿ, "ಹಾರನಹಳ್ಳಿ ಜವರಯ್ಯನ ಮಗ ಯಾರ್ರೀ?" ಎಂದು ಕಿರುಚಿದ. ನಾನು ಒಳಗೆ ಕೈ ತೊಳೆಯಲು ಹೋಗಿದ್ದೆ. ಮೂಟೆ ಅಲ್ಲಿಂದ ಹೋಗುವವರೆಗೂ ಕೈ ತೊಳೆಯುತ್ತಲೇ ಇದ್ದೆ. ದಯವಿಟ್ಟು ಇನ್ನು ಮುಂದೆ ಏನನ್ನೂ ಕಳಿಸಬೇಡಿ.

ಮಂಡಿಯಲ್ಲಿ ನನ್ನ ಮಾತು ಎತ್ತುವುದನ್ನೂ ನಿಲ್ಲಿಸಿ. ಚನ್ನಪ್ಪನ ಮಗ ಗಾಡಿಯಿಂದ ಬೀಳುವುದಕ್ಕೂ ನನ್ನ ಸವಾರಿಗೂ ಹೋಲಿಕೆಯೇ? ನಿಮಗೆ ಇದು ಜಾತ್ರೆಯ ಕುಸ್ತಿಯ ಹಾಗೆ ಕಾಣುತ್ತದೆ.

ನನ್ನ ತರಗತಿಯಲ್ಲಿ ಗೋಪಾಲಸ್ವಾಮಿ ಎಂಬ ಬೇಲೂರಿನವನಿದ್ದಾನೆ. ದೇವಸ್ಥಾನದ ಅರ್ಚಕರ ಮಗ. ಕಾಲೇಜಿನ ಬಡಕಲು ಕುದುರೆಯ ಮೇಲೆ ಅವನೂ ಹಾರುತ್ತಾನೆ, ಬೀಳುವುದೇ ಹೆಚ್ಚು. ಚರ್ಮದ ಜೀನು ಮುಟ್ಟುತ್ತಾನೆಂದು ಅವನ ತಂದೆ ಮನೆಯ ಹೊಸಲು ದಾಟಲು ಬಿಡುವುದಿಲ್ಲವಂತೆ. ಅವನನ್ನು ನೋಡಲು ಯಾರೂ ಬರುವುದಿಲ್ಲ, ಅವನ ಹೆಸರು ಹಿಡಿದು ಯಾರೂ ಕೂಗುವುದಿಲ್ಲ. ಕೆಲವು ಸಲ ಅವನ ಅದೃಷ್ಟ ಕಂಡು ನನಗೆ ಹೊಟ್ಟೆಕಿಚ್ಚಾಗುತ್ತದೆ.

ಏಪ್ರಿಲ್ ಹದಿನಾರಕ್ಕೆ ಸ್ಪರ್ಧೆ. ಬರಬೇಡಿ ಎಂದು ಈ ಸಲ ಸ್ಪಷ್ಟವಾಗಿ ಬರೆದಿದ್ದೇನೆ.

ಎಚ್. ಜೆ. ನಂಜುಂಡಯ್ಯ

*

ಹಾರನಹಳ್ಳಿ
20-4-1961

ನಂಜುಂಡನಿಗೆ ಆಶೀರ್ವಾದ.

ಬರಬೇಡಿ ಎಂದಿದ್ದೆ. ಬಂದೆವು.

ನಿಮ್ಮವ್ವ ಹಟ ಹಿಡಿದಳು. "ಹತ್ರಕ್ಕೆ ಓಗದ್ ಬ್ಯಾಡ. ದೂರದಿಂದ ನೋಡ್ಕಂಡು ಬರಾನ. ಅವನಿಗೆ ಗೊತ್ತೇ ಆಗಲ್ಲ" ಎಂದಳು. ನಿನಗೆ ಗೊತ್ತಾಗಲಿಲ್ಲ. ನಾವು ಕುರ್ಚಿಗಳ ಕಡೆ ಸುಳಿಯಲೇ ಇಲ್ಲ. ಆಚೆ ತುದಿಯಲ್ಲಿ, ಲಾಯದವರು ನಿಲ್ಲುವಲ್ಲಿ, ಬೇಲಿ ಹಿಡಿದು ನಿಂತಿದ್ದೆವು. ಬಾಯಿ ತಪ್ಪಿ ಕೂಗಿಬಿಟ್ಟೇನೆಂದು ಅವಳು ಸೆರಗನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದಳು. ನೀನು ಒಂದು ಕಂಬವನ್ನೂ ಬೀಳಿಸಲಿಲ್ಲ. ಎರಡನೆಯ ಬಹುಮಾನ ಎಂದು ಕೂಗಿದಾಗ ನನ್ನ ಕಣ್ಣು ಮಂಜಾಯಿತು. ಹತ್ತಿರ ನಿಂತಿದ್ದ ಲಾಯದವನು ಅದನ್ನು ನೋಡಿ ಸಲಿಗೆಯಿಂದ ಕೇಳಿದ: "ನೀವು ನಂಜುಂಡಯ್ಯನೋರ ತೋಟದ ಆಳುಗಳಲ್ವಾ? ಹೋದ ಸಲ ಕರ್ನಲ್ ಅಮ್ಮಾವ್ರು ಕೇಳ್ದಾಗ ಅವ್ರೇ ಹೇಳಿದ್ರು. ಯಜಮಾನರ ಮೇಲೆ ಏನು ಪ್ರೀತಿ ನಿಮ್ಗೆ!"

ನಾನು ಹೌದೆಂದೆ. ತೋಟದಲ್ಲಿ ಗೆಯ್ಯುವವನು ನಾನೇ. ಸುಳ್ಳು ಹೇಳಿದಂತಾಗಲಿಲ್ಲ.

ನಿಮ್ಮವ್ವ ನಿನಗೆಂದು ತಂದಿದ್ದ ಬುತ್ತಿಯನ್ನು ಆ ಲಾಯದವನ ಕೈಲಿ ನಿನಗೆ ಕಳಿಸಬೇಕೆಂದಿದ್ದಳು; ಬಿಚ್ಚಿದ್ದ ಗಂಟನ್ನು ಮತ್ತೆ ಕಟ್ಟಿದಳು. ಅಲ್ಲೇ ಹೊಂಗೆಮರದ ಕೆಳಗೆ ಒಬ್ಬ ಹುಡುಗ ಕೋಟಿಗೆಲ್ಲ ಮಣ್ಣು ಮೆತ್ತಿಕೊಂಡು ಒಬ್ಬನೇ ಕೂತಿದ್ದ. ಬಿದ್ದಿದ್ದನಂತೆ. ನೀನು ಬರೆದಿದ್ದ ಬೇಲೂರಿನ ಗೋಪಾಲಸ್ವಾಮಿ ಅವನೇ. ನಿಮ್ಮವ್ವ ಹೋಗಿ ಮಂಡಿಯ ರಕ್ತ ಒರೆಸಿದಳು. "ನಾವು ಒಕ್ಕಲು ಜನ ಕಣಪ್ಪ. ನಮ್ಮನೇದು ತಿಂತೀಯಾ?" ಎಂದು ಕೇಳಿದಳು. "ಹಸಿವಾಗಿದೆಯಮ್ಮ, ಕೊಡಿ" ಎಂದ. ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ, ಅಷ್ಟನ್ನೂ ತಿಂದು ಎಲೆ ಮಡಿಸಿದ. ಆಮೇಲೆ ರೈಲಿನವರೆಗೂ ನಮ್ಮ ಜೊತೆ ಬಂದ.

ಎರಡನೆಯ ಬಹುಮಾನ ಬಂದದ್ದು ಸಂತೋಷ.

ಜವರಯ್ಯ

*

ಹೆಬ್ಬಾಳ
4-5-1961

ತಂದೆಯವರಿಗೆ,

ಒಂದು ಮಾತನ್ನು ಹಿಡಿದುಕೊಂಡು ನೀವು ಇಷ್ಟು ದೊಡ್ಡದು ಮಾಡುವಿರೆಂದು ತಿಳಿದಿರಲಿಲ್ಲ. ಕರ್ನಲ್ ಸಾಹೇಬರ ಹೆಂಡತಿ ಪುಣೆಯವರು. ಆ ಮೆಣಸಿನಕಾಯಿಯ ಗಲಾಟೆಯಲ್ಲಿ ನೀವಿಬ್ಬರು ಯಾರೆಂದು ಕೇಳಿದರು. ನಮ್ಮ ತೋಟದವರು ಎಂದೆ. ಅವರು ಬೇರೆ ಅರ್ಥ ಮಾಡಿಕೊಂಡರು, ನಾನು ತಿದ್ದಲಿಲ್ಲ. ತಿದ್ದಲು ಹೋಗಿದ್ದರೆ ಪರಿಚಯ ಮಾಡಿಸಬೇಕಾಗುತ್ತಿತ್ತು. ನನ್ನ ತಾಯಿಯ ಹೆಸರು ಹುಚ್ಚಮ್ಮ ಎಂದು ಹೇಳಿ ಅದರ ಅರ್ಥವನ್ನೂ ಅವರಿಗೆ ಬಿಡಿಸಿ ಹೇಳಬೇಕಿತ್ತೇ?

ನಾನು ಇಲ್ಲಿ ಯಾರ ನಡುವೆ ಇದ್ದೇನೆಂದು ನಿಮಗೆ ಊಹಿಸಲೂ ಆಗದು. ಇವರ ಮನೆಗಳಲ್ಲಿ ಮೂರು ತಲೆಮಾರಿನಿಂದ ಕುದುರೆ ಇದೆ. ಕುದುರೆ ಕೊಡಿಸಿದ ಮಾತ್ರಕ್ಕೆ ನೀವು ಅವರ ಸಮಕ್ಕೆ ಬಂದಂತಾಗುವುದಿಲ್ಲ. ನನಗೆ ಬೇಕಾದದ್ದು ಕುದುರೆ; ಅದರ ಜೊತೆಗೆ ಹುರುಳಿ, ಬುತ್ತಿ, ಕುಂಕುಮ, ಕಣ್ಣೀರು ಬೇಕಿರಲಿಲ್ಲ.

ರಜೆಗೆ ಕರ್ನಲ್ ಸಾಹೇಬರ ಕುಟುಂಬ ಊಟಿಗೆ ಹೋಗುತ್ತಿದೆ. ನನ್ನನ್ನೂ ಕರೆದಿದ್ದಾರೆ. ಹೀಗಾಗಿ ಊರಿಗೆ ಬರಲಾಗುವುದಿಲ್ಲ. ಮಳೆಗಾಲದಲ್ಲಿ ಇಲ್ಲಿ ಸವಾರಿ ಕಡಿಮೆ, ಕ್ಲಬ್ಬಿನ ಲಾಯವೂ ಸೋರುತ್ತದೆ. ಡಚೆಸ್ ಮಳೆಗಾಲ ಮುಗಿಯುವವರೆಗೆ ನಿಮ್ಮಲ್ಲಿರಲಿ. ಬರುವ ವಾರ ಗೂಡ್ಸ್ ಗಾಡಿಯಲ್ಲಿ ಅರಸೀಕೆರೆಗೆ ಕಳಿಸುತ್ತೇನೆ. ಅಮ್ಮ ಅದಕ್ಕೆ ಕಂಡದ್ದೆಲ್ಲ ತಿನ್ನಿಸದ ಹಾಗೆ ನೋಡಿಕೊಳ್ಳಿ.

ಎಚ್. ಜೆ. ನಂಜುಂಡಯ್ಯ

*

ಹಾರನಹಳ್ಳಿ
1-6-1961

ನಂಜುಂಡನಿಗೆ,

ಕುದುರೆ ತಲುಪಿತು. ರಜೆಗೆ ಇಬ್ಬರಲ್ಲಿ ಒಬ್ಬರಾದರೂ ಮನೆಗೆ ಬಂದರಲ್ಲ ಎಂದು ನಿಮ್ಮವ್ವ ಅರಸೀಕೆರೆ ಜಂಕ್ಷನ್ನಿಗೆ ತಾನೇ ಬಂದಿದ್ದಳು. ಗೂಡ್ಸ್ ಡಬ್ಬಿಯ ಬಾಗಿಲು ತೆಗೆದಾಗ ಅದು ಇವಳ ಸೆರಗಿಗೆ ಮೂತಿ ಒತ್ತಿ ನಿಂತಿತು. ಇವಳು ಯಾರೆಂದು ಅದು ಮರೆತಿರಲಿಲ್ಲ. ಮೂರು ತಲೆಮಾರಿನವರ ಲಾಯದಲ್ಲಿದ್ದು ಬಂದರೂ ಅದರ ಬುದ್ಧಿ ಕೆಟ್ಟಿಲ್ಲ.

ಗೋಪಾಲಸ್ವಾಮಿ ಬಂದಿದ್ದಾನೆ. ಬೇಲೂರಿಗೆ ಹೋಗಿದ್ದನಂತೆ. ಅವನ ತಂದೆ ಜಗಲಿಯ ಮೇಲೆ ಕೂರಿಸಿ, ಕುದುರೆ ಬಿಡುತ್ತೀಯೋ ಮನೆ ಬಿಡುತ್ತೀಯೋ ಎಂದು ಕೇಳಿದರಂತೆ. ಇವನು ಎದ್ದು ಬಸ್ಸು ಹತ್ತಿದ. ಚೀಲ ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದು, "ಕೆಂಚಿ ಹೇಗಿದೆ ನೋಡೋಣ ಅಂತ ಬಂದೆ" ಎಂದ. ಕೆಂಚಿಯನ್ನೇ ನೋಡಲು ಬಂದವನಲ್ಲ ಎಂದು ನಮಗೆ ತಿಳಿಯಿತು, ಕೇಳಲಿಲ್ಲ.

ಕುದುರೆ ಕಟ್ಟಿದಲ್ಲೇ ನಿಂತು ಕಾಲು ಜೋಮು ಹಿಡಿಸಿಕೊಳ್ಳುತ್ತಿತ್ತು. "ಅತ್ತಪ್ಪ ಮ್ಯಾಕೆ, ಏನಾಯ್ತದೆ?" ಎಂದು ನಿಮ್ಮವ್ವನೇ ಅವನನ್ನು ಹತ್ತಿಸಿದಳು. ತೋಟದ ಹಿಂದಿನ ಬೀಳಿನಲ್ಲಿ ಎರಡು ಒರಳಿನ ಮೇಲೆ ಬಿದಿರು ಇಟ್ಟುಕೊಂಡು ಹಾರುತ್ತಾನೆ. ನಿನ್ನಷ್ಟು ಚೆನ್ನಾಗಿ ಹಾರುವುದಿಲ್ಲ, ಅದನ್ನು ಹೇಳಲೇಬೇಕು. ಬಿದಿರು ಬೀಳಿಸುತ್ತಾನೆ. ಆದರೆ ಬಿದ್ದರೆ ನಗುತ್ತಾನೆ, ಎದ್ದು ಬಂದು ನಿಮ್ಮವ್ವನನ್ನು "ಈಗ ಹೇಗಿತ್ತಮ್ಮ?" ಎಂದು ಕೇಳುತ್ತಾನೆ. ನಮ್ಮನ್ನು ಯಾರೂ ಹಾಗೆ ಕೇಳಿರಲಿಲ್ಲ. ಅವಳಿಗೆ ಏನು ಹೇಳಬೇಕೆಂದು ತಿಳಿಯದೆ "ವಸಿ ಚೆಂದಾಗಿತ್ತು" ಎನ್ನುತ್ತಾಳೆ.

ಊಟಿಯಲ್ಲಿ ಚಳಿ ಹೆಚ್ಚೆಂದು ಕೇಳಿದ್ದೇನೆ.

ಜವರಯ್ಯ

*

ಹೆಬ್ಬಾಳ
22-9-1961

ತಂದೆಯವರಿಗೆ,

ನಾನು ಮೂರು ತಿಂಗಳು ಉತ್ತರ ಬರೆಯಲಿಲ್ಲವೆಂದರೆ ಕೋಪ ಇಲ್ಲವೆಂದು ಅರ್ಥವಲ್ಲ. ನನ್ನ ಕುದುರೆಯನ್ನು ಆ ಪೂಜಾರಿಯ ಮಗನಿಗೆ ಕೊಟ್ಟು, ಅವನು ಒರಳಿನ ಮೇಲೆ ಹಾರುವುದನ್ನು ಊರಿಗೆಲ್ಲ ತೋರಿಸುತ್ತೀರಿ. ಅವನು ಕಾಲೇಜಿಗೆ ಹಿಂತಿರುಗಿದ ಮೇಲೂ ಭಾನುವಾರ ಭಾನುವಾರ ರೈಲಿನಲ್ಲಿ ಅಲ್ಲಿಗೆ ಬರುತ್ತಾನೆಂದು ಹಾಸ್ಟೆಲಿನಲ್ಲೆಲ್ಲ ಗೊತ್ತು. ಅವನ ಅಪ್ಪ ಅಮ್ಮ ಬಿಟ್ಟರೆಂದು ನೀವು ಎತ್ತಿಕೊಂಡಿರಿ. ಯಾರಾದರೂ ಸಿಕ್ಕಿದರೆ ಸಾಕು ನಿಮಗೆ, ಚಪ್ಪಾಳೆ ತಟ್ಟಲು.

ಇರಲಿ. ಈಗ ಬರೆಯುವುದು ಬೇರೆ ವಿಷಯಕ್ಕೆ. ಗಮನವಿಟ್ಟು ಓದಿ.

ದಸರಾ ಕಳೆದ ಮೇಲೆ, ಅಕ್ಟೋಬರ್ ಇಪ್ಪತ್ತೊಂದು ಶನಿವಾರ, ಕರ್ನಲ್ ಸಾಹೇಬರೂ ಅವರ ಹೆಂಡತಿಯೂ ಬೇಲೂರು ಹಳೇಬೀಡು ನೋಡಲು ಕಾರಿನಲ್ಲಿ ಹೊರಟಿದ್ದಾರೆ. ನಾನೂ ಜೊತೆಗಿರುತ್ತೇನೆ. ದಾರಿಯಲ್ಲಿ ನಮ್ಮ ಮನೆ ನೋಡಬೇಕು, ಡಚೆಸ್ಸನ್ನೂ ನೋಡಬೇಕು ಎಂದಿದ್ದಾರೆ. ನಮ್ಮದು ಎಸ್ಟೇಟು ಎಂದು ಅವರು ತಿಳಿದಿದ್ದಾರೆ. ತಂದೆ ಕೆಲಸದ ಮೇಲೆ ಮದರಾಸಿಗೆ ಹೋಗಿದ್ದಾರೆ, ತಾಯಿಯೂ ಜೊತೆಯಲ್ಲಿದ್ದಾರೆ ಎಂದು ಹೇಳಿದ್ದೇನೆ. ಆದ್ದರಿಂದ ಆ ದಿನ ನೀವಿಬ್ಬರೂ ಮಾದಿಹಳ್ಳಿಯ ಬೋರಮ್ಮ ಚಿಕ್ಕಮ್ಮನ ಮನೆಗೆ ಹೋಗಿಬಿಡಿ. ಹಜಾರ ಸಾರಿಸಿ, ದನಗಳನ್ನು ಹಿತ್ತಿಲಿಗೆ ಕಟ್ಟಿಸಿ, ಅಡುಗೆಗೆ ಯಾರನ್ನಾದರೂ ಗೊತ್ತು ಮಾಡಿ ಹೋಗಿ. ಒಂದು ದಿನದ ಮಾತು. ನನಗಾಗಿ ಇಷ್ಟೆಲ್ಲ ಮಾಡಿದ್ದೀರಿ, ಇದೊಂದನ್ನು ಮಾಡಿ.

ಎಚ್. ಜೆ. ನಂಜುಂಡಯ್ಯ

*

ಹಾರನಹಳ್ಳಿ
28-9-1961

ನಂಜುಂಡಯ್ಯನವರಿಗೆ,

ತಾವು ಬರೆದದ್ದು ತಿಳಿಯಿತು. ಆ ದಿನ ನಾವು ಮಾದಿಹಳ್ಳಿಯಲ್ಲಿ ಇರುತ್ತೇವೆ.

ಜವರಯ್ಯ

*

ಹಾರನಹಳ್ಳಿ
24-10-1961

ನಂಜುಂಡನಿಗೆ,

ನೀನು ಹೇಳಿದ ಹಾಗೆ ಮನೆ ಬಿಟ್ಟು ಹೋದೆವು. ಬಾಗಿಲಿಗೆ ಬೀಗ ಹಾಕಿ ಹೋಗಬಾರದೆಂದು ನೀನು ಬರೆದಿರಲಿಲ್ಲ. ಬೀಗವನ್ನು ನೀನು ಜಗ್ಗಿ ನೋಡಿದೆಯೆಂದು ಚನ್ನಪ್ಪ ಹೇಳಿದ. "ಆಳುಗಳು ಹೇಳದೇ ಕೇಳದೇ ಹೋಗಿದ್ದಾರೆ" ಎಂದು ನಿನ್ನ ಅತಿಥಿಗಳಿಗೆ ಹೇಳಿದೆಯಂತೆ. ಅವನಿಗೆ ಅಷ್ಟು ಇಂಗ್ಲಿಷ್ ಬರುತ್ತದೆ. ಅವನು ಈ ಸಲ ನನ್ನನ್ನು ಆಡಿಕೊಳ್ಳಲಿಲ್ಲ. ಅದು ಹಿಂದಿನದೆಲ್ಲಕ್ಕಿಂತ ಕಷ್ಟವಾಯಿತು.

ಕುದುರೆಯನ್ನು ಒಂದೇ ಬಿಟ್ಟುಹೋಗುವುದು ಹೇಗೆ? ಗೋಪಾಲಸ್ವಾಮಿ ರಜೆಗೆ ಬಂದಿದ್ದ. ಹಿಂದಿನ ದಿನವೇ ಅದನ್ನು ಏರಿಕೊಂಡು ಮಾದಿಹಳ್ಳಿ ಸೇರಿದ. ಮಧ್ಯಾಹ್ನ ರಸ್ತೆಯ ಪಕ್ಕದ ಗೋಮಾಳದಲ್ಲಿ ಅವನು ಬಿದಿರು ಹಾರುತ್ತಿದ್ದಾಗ, ಹಳೇಬೀಡಿನ ಕಡೆಯಿಂದ ಬಂದ ಒಂದು ಕಾರು ಮುಂದೆ ಹೋಗಿ, ನಿಂತು, ಹಿಂದಕ್ಕೆ ಬಂತು. ನೀನು ಕಾರಿನಲ್ಲಿ ಇದ್ದೆ. ಆದರೂ ಬರೆಯುತ್ತೇನೆ. ನೀನು ಆಚೆ ಕಡೆಯ ಗದ್ದೆಯನ್ನೇ ನೋಡುತ್ತಿದ್ದದ್ದರಿಂದ ಈಚೆ ನಡೆದದ್ದು ನಿನಗೆ ಕಂಡಿರಲಾರದು.

ಕರ್ನಲ್ ಸಾಹೇಬರು ಇಳಿದು ಬಂದರು. ಕೊಡಗಿನವರು, ಕನ್ನಡ ನಮ್ಮಷ್ಟೇ ಚೆನ್ನಾಗಿ ಆಡುತ್ತಾರೆ. ಇದನ್ನು ನೀನು ಒಂದು ಸಲವೂ ನಮಗೆ ತಿಳಿಸಿರಲಿಲ್ಲ. ಗೋಪಾಲಸ್ವಾಮಿಯ ಬೆನ್ನು ತಟ್ಟಿ, ಗುರುತು ಹಿಡಿದವರಂತೆ ಕುದುರೆಯ ಕತ್ತು ಸವರಿ, ನನ್ನ ಕಡೆ ತಿರುಗಿದರು.

"ಯಾರದಪ್ಪ ಈ ಕುದುರೆ?"

"ನಂದೇ ಸ್ವಾಮಿ."

"ನಿಮ್ಮದಾ? ಹೆಸರು?"

"ಜವರಯ್ಯ ಅಂತ. ಹಾರನಹಳ್ಳಿಯೋನು."

"ಹಾರನಹಳ್ಳಿಯಲ್ಲಿ ಒಂದು ಎಸ್ಟೇಟ್ ಇದೆಯಲ್ಲ..."

"ಅಲ್ಲಿ ಎಸ್ಟೇಟು ಗಿಸ್ಟೇಟು ಯಾವ್ದೂ ಇಲ್ಲ ಸ್ವಾಮಿ. ವಸಿ ತೆಂಗಿನ ತೋಟ ಐತೆ. ನಾವೇ ಗೇಯ್ತೀವಿ."

ಅವರು ಕಾರಿನ ಕಡೆ ನೋಡಿದರು. ನಿಮ್ಮವ್ವ ಅಷ್ಟರಲ್ಲಿ ಬೋರಮ್ಮನ ಮನೆಯಿಂದ ತಂಬಿಗೆಯಲ್ಲಿ ಮಜ್ಜಿಗೆ ತಂದಿದ್ದಳು. ಬಿಸಿಲಿನಲ್ಲಿ ಬಂದವರಿಗೆ ಕೊಡಬೇಕಲ್ಲ. ಕಾರಿನ ಕಿಟಕಿಯಲ್ಲಿ ಆ ಅಮ್ಮನಿಗೊಂದು ಲೋಟ ಕೊಟ್ಟಳು, ಡ್ರೈವರಿಗೊಂದು, ನಿನಗೊಂದು. ನೀನು ಕಪ್ಪು ಕನ್ನಡಕ ತೆಗೆಯಲಿಲ್ಲ. ಕುಡಿದು, "ಥ್ಯಾಂಕ್ಸ್" ಎಂದು ಲೋಟವನ್ನು ಅವಳ ಮುಖ ನೋಡದೆ ಹೊರಕ್ಕೆ ಚಾಚಿದೆ. ಅವಳು ತೆಗೆದುಕೊಂಡಳು.

ಕರ್ನಲ್ ಸಾಹೇಬರು ಇದನ್ನೆಲ್ಲ ನೋಡುತ್ತಲೇ ಇದ್ದರು. ತಗ್ಗಿದ ದನಿಯಲ್ಲಿ ನನ್ನನ್ನು ಕೇಳಿದರು: "ಯಜಮಾನರೇ, ಆ ಹುಡುಗ ನಿಮಗೆ ಏನಾಗಬೇಕು?"

"ಏನೂ ಆಗ್ಬೇಕಿಲ್ಲ ಸ್ವಾಮಿ" ಎಂದೆ.

ನಿನ್ನ ಮಾನ ಉಳಿಸಲು ಹಾಗೆ ಹೇಳಿದೆನೆಂದು ತಿಳಿಯಬೇಡ. ಮೊದಲಾಗಿದ್ದರೆ ಅದಕ್ಕೇ ಹೇಳುತ್ತಿದ್ದೆ. ನಿನಗಾಗಿ ಮಂಡಿಯಲ್ಲಿ ಜಗಳ ಆಡಿದ್ದೇನೆ, ಲಾಯದವನ ಮುಂದೆ ಆಳಾಗಿದ್ದೇನೆ. ಅದರಲ್ಲಿ ನನಗೆ ಅವಮಾನ ಎನ್ನಿಸಿರಲಿಲ್ಲ. ಆ ದಿನ, ಅಷ್ಟು ದೊಡ್ಡ ಮನುಷ್ಯರು ಎದುರಿಗೆ ನಿಂತು ಕೇಳಿದಾಗ, ಇವನು ನನ್ನ ಮಗ ಎಂದು ಹೇಳಿಕೊಳ್ಳಲು ನನಗೆ ನಾಚಿಕೆಯಾಯಿತು. ನನ್ನ ಬಗ್ಗೆ ನಿನಗೆ ಆಗುತ್ತದಲ್ಲ, ಅದೇ ನಾಚಿಕೆ. ಹೇಗಿರುತ್ತದೆಂದು ಈಗ ಗೊತ್ತಾಯಿತು.

ಕಾರು ಹೋದ ಮೇಲೆ ನಿಮ್ಮವ್ವ ಲೋಟ ತೊಳೆಯುತ್ತ ಕೂತಿದ್ದಳು. ತೊಳೆದದ್ದನ್ನು ಬೋರಲು ಹಾಕಿ ಅಂದಳು: "ಮಜ್ಜಿಗೆಗೆ ಉಪ್ಪು ಕಮ್ಮಿ ಆಗಿತ್ತು. ಮನೇಲಿದ್ದಾಗ ಒಂದು ಹರಳು ಕಮ್ಮಿ ಆದ್ರೂ ತಟ್ಟೆ ತಳ್ಳೋನು. ಸುಮ್ಕೆ ಕುಡುದ್ಬುಟ್ಟ ನೋಡಿ."

ಕುದುರೆ ಇನ್ನು ಕ್ಲಬ್ಬಿಗೆ ಬರುವುದಿಲ್ಲ. ಜನವರಿಯ ಸ್ಪರ್ಧೆಯಲ್ಲಿ ಅದರ ಮೇಲೆ ಗೋಪಾಲಸ್ವಾಮಿ ಹಾರುತ್ತಾನೆ. ಕಾಲೇಜಿನ ಲಾಯದಲ್ಲಿ ಕಟ್ಟಲು ಅನುಮತಿ ಸಿಕ್ಕಿದೆ. ಹೆಸರನ್ನು ಕೆಂಚಿ ಎಂದೇ ಬರೆಸಿದ್ದೇವೆ.

ಜವರಯ್ಯ

*

ಹೆಬ್ಬಾಳ
8-1-1962

ಅಪ್ಪನಿಗೆ,

ಈ ಕಾಗದವನ್ನು ಎಷ್ಟು ಸಲ ಹರಿದು ಬರೆದೆನೋ ತಿಳಿಯದು. ಚೆನ್ನಾಗಿ ಬಂದದ್ದೆಲ್ಲ ಹರಿದದ್ದರಲ್ಲೇ ಹೋಯಿತು.

ಆ ದಿನ ಕರ್ನಲ್ ಸಾಹೇಬರು ಹಾಸನದ ಪ್ರವಾಸಿ ಬಂಗಲೆಯ ಮುಂದೆ ಇಳಿಯುವಾಗ, "ಆ ಯಜಮಾನರ ಮೂಗೂ ನಿನ್ನ ಮೂಗೂ ಒಂದೇ ಅಚ್ಚು" ಎಂದರು. ಅಷ್ಟೇ. ಆಮೇಲೆ ಈವರೆಗೂ ನನ್ನ ಜೊತೆ ಮಾತಾಡಿಲ್ಲ. ಕ್ಲಬ್ಬಿನಲ್ಲಿ ಎದುರಾದರೆ ಬೇರೆ ಕಡೆ ನೋಡುತ್ತಾರೆ. ಹಾಗೆ ನೋಡುವುದನ್ನು ಕಂಡಾಗಲೆಲ್ಲ ನನಗೆ ಮಾದಿಹಳ್ಳಿಯ ಆ ಗದ್ದೆ ನೆನಪಾಗುತ್ತದೆ. ನಾನು ಕ್ಲಬ್ಬಿಗೆ ಹೋಗುವುದನ್ನು ಬಿಟ್ಟಿದ್ದೇನೆ.

ಗೋಪಾಲಸ್ವಾಮಿ ದಿನಾ ಬೆಳಿಗ್ಗೆ ಕೆಂಚಿಯನ್ನು ಹಾರಿಸುತ್ತಾನೆ. ಎರಡನೆಯ ಕಂಬ ಹತ್ತಿರವಾಗುವ ಮೊದಲೇ ಅದನ್ನು ಎತ್ತಿಬಿಡುತ್ತಾನೆ, ಕಂಬ ಬೀಳುತ್ತದೆ. ಹೇಳಬೇಕೆಂದುಕೊಂಡು ಹತ್ತಿರ ಹೋಗಿ ಹಾಗೇ ಹಿಂತಿರುಗಿದ್ದೇನೆ.

ಮಜ್ಜಿಗೆಗೆ ಉಪ್ಪು ಕಡಿಮೆ ಇತ್ತು. ಅವ್ವನಿಗೆ ಹೇಳಿ.

ಇಪ್ಪತ್ತೆಂಟರ ಸ್ಪರ್ಧೆಗೆ ನನಗೆ ಕುದುರೆ ಇಲ್ಲ. ನೀವು ಬರುತ್ತೀರೆಂದು ಗೋಪಾಲಸ್ವಾಮಿ ಹೇಳಿದ. ನೀವು ನಿಲ್ಲುವ ಕಡೆ, ಬೇಲಿಯ ಹತ್ತಿರ, ನಾನೂ ಬಂದು ನಿಲ್ಲಬಹುದೇ?

ನಂಜುಂಡ

*

ಹಾರನಹಳ್ಳಿ
16-1-1962

ನಂಜುಂಡನಿಗೆ,

ನಿನ್ನ ಕಾಗದವನ್ನು ನಿಮ್ಮವ್ವನಿಗೆ ಓದಿ ಹೇಳಿದೆ. ಈ ಸಲ ಯಾವ ಸಾಲನ್ನೂ ಬಿಡಲಿಲ್ಲ. ಅವಳು ಕೇಳಿ ಒಳಗೆ ಹೋದಳು. ಏನು ಬರೆಯಲಿ ಎಂದು ಕೂಗಿ ಕೇಳಿದೆ. "ನಿಮಗೆ ತಿಳ್ದಂಗೆ ಬರೀರಿ" ಎಂದಳು.

ನನಗೆ ತಿಳಿದದ್ದು ಇಷ್ಟು. ಆ ಮೈದಾನ ನಮ್ಮದಲ್ಲ, ಬೇಲಿಯೂ ನಮ್ಮದಲ್ಲ. ಯಾರು ಎಲ್ಲಿ ಬೇಕಾದರೂ ನಿಲ್ಲಬಹುದು. ಬರಬೇಡ ಎಂದು ನಾವು ಯಾರಿಗೂ ಬರೆದವರಲ್ಲ. ನಿನಗೆಂದು ಜಾಗ ಹಿಡಿದಿಟ್ಟಿರುತ್ತೇವೆಂದು ಮಾತ್ರ ತಿಳಿಯಬೇಡ.

ಎರಡನೆಯ ಕಂಬದ ವಿಷಯವನ್ನು ನೀನೇ ಅವನಿಗೆ ಹೇಳು. ಸ್ಪರ್ಧೆಗೆ ಮೊದಲು ಹೇಳು.

ಶನಿವಾರದ ರೈಲಿಗೆ ನಾವು ಹೊರಡುತ್ತೇವೆ. ಸ್ಟೇಷನ್ನಿಗೆ ನೀನು ಬರುವ ಅಗತ್ಯವಿಲ್ಲ. ಕರೆದುಕೊಂಡು ಹೋಗಲು ಗೋಪಾಲಸ್ವಾಮಿ ಬರುತ್ತಾನೆ.

ಅಪ್ಪ